ಸ್ಕೋಪಿನ ಕಣ್ಣಲ್ಲಿ ಕಾವೇರಿ ಸೀಮೆಯ ಹಕ್ಕಿ

ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಹೊರಗೋಡೆಯ ಬುಡದಲ್ಲಿ ಆನೆ, ಕುದುರೆ, ಮಕರಗಳ ಜೊತೆ ಹಂಸಗಳದ್ದೂ ಒಂದು ಸಾಲಿದೆ. 13ನೇ ಶತಮಾನದ ಹೊಯ್ಸಳ ಶಿಲ್ಪಿಗೆ ಹಂಸದ ಬಾಲವೆಂದರೆ ಬಳ್ಳಿ ಬಿಡಿಸಲು ಸಿಕ್ಕ ಜಾಗ. ಇದು ಯಾವ ಜಾತಿಯ ಬಾತು ಎಂದು ಅಲ್ಲಿ ಕೇಳಿದರೆ ಕೇಳಿದವರೇ ಪೆದ್ದರಾಗುತ್ತಾರೆ. ಆದರೆ ಕೆರೆ ಏರಿಯ ಮೇಲೆ ದೂರದ ಹಕ್ಕಿಯನ್ನು ಹತ್ತಿರ ತೋರುವ ಸ್ಪಾಟಿಂಗ್ ಸ್ಕೋಪ್ ನಿಲ್ಲಿಸಿ, ಅದರ ಹಿಂದೆ ಮೊಬೈಲ್ ಹಿಡಿದು ಫೋಟೊ ತೆಗೆಯುವವರನ್ನು ಈ ಪ್ರಶ್ನೆ ಕೇಳಲೇಬೇಕು. ಆ ಚಿತ್ರದ ಬೆಲೆ ನಿಂತಿರುವುದೇ ಅದರ ಉತ್ತರದ ಮೇಲೆ.

ಡಿಜಿಸ್ಕೋಪಿಂಗ್ ಎಂಬ ಈ ವಿದ್ಯೆ ಸುದ್ದಿಯಾದದ್ದು 1999ರಲ್ಲಿ. ಮಲೇಷ್ಯಾದ ಪಕ್ಷಿವೀಕ್ಷಕ ಲಾರೆನ್ಸ್ ಪೋ ತಮ್ಮ ಲೈಕಾ ಸ್ಕೋಪಿನ ಕಣ್ಣಿಡುವ ತುದಿಯಾದ ಐಪೀಸಿಗೆ ನಿಕಾನ್ ಕೂಲ್‌ಪಿಕ್ಸ್ 950 ಕ್ಯಾಮೆರಾ ಒತ್ತಿ ಹಿಡಿದು ನೋಡಿದರು. ಎರಡು ಮೆಗಾಪಿಕ್ಸೆಲ್ಲಿನ ಆ ಕ್ಯಾಮೆರಾ ಕೂತಿದ್ದ ಜಾಗದಲ್ಲಿ ಈಗ ಮೊಬೈಲ್ ಕೂತಿದೆ. ಲೆಕ್ಕ ಮಾತ್ರ ಅಂದಿನದೇ. 26 ಮಿ.ಮೀ.ಗೆ ಸಮನಾದ ಮೊಬೈಲ್ ಲೆನ್ಸನ್ನು 30 ಪಟ್ಟು ಹಿಗ್ಗಿಸುವ ಸ್ಕೋಪಿನ ಹಿಂದಿಟ್ಟರೆ 780 ಮಿ.ಮೀ. ಟೆಲಿ ಲೆನ್ಸಿನಷ್ಟು ಹತ್ತಿರ ಕಾಣುತ್ತದೆ; 60 ಪಟ್ಟಿಗೆ ತಿರುಗಿಸಿದರೆ 1,560.

ಈ ದೊಡ್ಡ ಅಂಕಿಗಳೇ ಹೊಸಬರನ್ನು ಮರುಳು ಮಾಡುವುದು. ಮುಂದಿನ ಗಾಜು 80 ಮಿ.ಮೀ. ಇರುವ ಸ್ಕೋಪಿನಲ್ಲಿ 30 ಪಟ್ಟಿಗೆ ಐಪೀಸಿನಿಂದ ಹೊರಡುವ ಬೆಳಕಿನ ಅಗಲ ಸುಮಾರು 2.7 ಮಿ.ಮೀ. 60 ಪಟ್ಟಿಗೆ ಅದು 1.3ಕ್ಕೆ ಇಳಿಯುತ್ತದೆ, ಬೆಳಕು ಕಾಲು ಪಾಲಾಗುತ್ತದೆ. ಆಗ ಷಟರ್ ನಿಧಾನವಾಗುತ್ತದೆ, ಬೆರಳು ತಾಗಿದರೂ ಚಿತ್ರ ಅಲುಗುತ್ತದೆ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿಯೇ ಕುದಿಯುವಂತೆ ಕಂಡು, ಎಷ್ಟೇ ಬೆಲೆಯ ಗಾಜೂ ಸೋಲುತ್ತದೆ. ಹೊರೆ ಕಡಿಮೆ ಎಂಬ ಹೊಗಳಿಕೆಯೂ ಪೂರ್ತಿ ನಿಜವಲ್ಲ. 150-600ರ ಟೆಲಿ ಲೆನ್ಸ್ ಎರಡು ಕಿಲೋ ಆಸುಪಾಸು ತೂಗಿದರೆ, ಒಳ್ಳೆಯ ಸ್ಕೋಪೂ ಅದಕ್ಕಿಂತ ಬಹಳ ಹಗುರವಲ್ಲ. ಜೊತೆಗೆ ಗಟ್ಟಿ ಟ್ರೈಪಾಡ್ ಬೇಕೇ ಬೇಕು. ಹಕ್ಕಿ ನೋಡಲೆಂದು ಸ್ಕೋಪನ್ನು ಮೊದಲೇ ಹೊತ್ತವರಿಗಷ್ಟೇ ಫೋಟೊ ಪುಕ್ಕಟೆ.

ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟಿನಲ್ಲಿ ಸ್ಕೋಪಿನ ಮಿತಿ ಎದ್ದು ಕಾಣುತ್ತದೆ. ಅಲ್ಲಿ ಹಕ್ಕಿಯ ಹತ್ತಿರಕ್ಕೆ ಒಯ್ಯುವುದು ದೋಣಿ. ತೂಗುವ ದೋಣಿಯಲ್ಲಿ ಸ್ಕೋಪ್ ಕೆಲಸಕ್ಕೆ ಬಾರದು. ನೀರಿಗೆ ಧುಮುಕುವ ನದಿ ರೀವವನ್ನು ಸ್ಕೋಪಿನ ಕಿರಿದಾದ ಕಿಂಡಿಯಲ್ಲಿ ಬೆನ್ನಟ್ಟುವುದೂ ವ್ಯರ್ಥ. ಅಲ್ಲಿ ಉದ್ದ ಲೆನ್ಸಿನವರೇ ಗೆಲ್ಲುತ್ತಾರೆ. ದಡದಲ್ಲಿ ನಿಂತು ನಡುಗಡ್ಡೆಯ ಮರಗಳ ಮೇಲಿನ ಬಣ್ಣದ ಕೊಕ್ಕರೆಗಳನ್ನು ತೆಗೆಯುವಾಗ ಸ್ಕೋಪಿಗೆ ಸರದಿ ಬರುತ್ತದೆ. ಆಗಲೂ ಒಂದು ತೊಡಕಿದೆ. ಐಪೀಸಿನ ಸುತ್ತಲಿನ ಕಪ್ಪು ವೃತ್ತವನ್ನೂ ಸೇರಿಸಿ ಬೆಳಕು ಅಳೆಯುವ ಮೊಬೈಲ್, ದೃಶ್ಯ ಕತ್ತಲಾಗಿದೆ ಎಂದುಕೊಂಡು ಬೆಳಕು ಏರಿಸುತ್ತದೆ. ಬೆಳ್ಳಕ್ಕಿಯ ಗರಿಗಳೆಲ್ಲ ಕರಗಿ ಬಿಳಿ ತೇಪೆಯೊಂದು ಉಳಿಯುತ್ತದೆ.

ಹಾಗಾದರೆ ಈ ವಿದ್ಯೆಯ ಸಾರ್ಥಕ್ಯ ಎಲ್ಲಿ? ಸಾಕ್ಷಿಯಲ್ಲಿ.

1939-40ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅವರ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಆ ಕಾಲದಲ್ಲಿ ಹಕ್ಕಿಯ ಗುರುತಿಗೆ ಪುರಾವೆ ಎಂದರೆ ಹೊಡೆದು ಕೆಡವಿ, ಸುಲಿದು, ಹತ್ತಿ ತುಂಬಿಟ್ಟ ಚರ್ಮ. ಪಾಂಡವಪುರದ ತೊಣ್ಣೂರು ಕೆರೆಯಲ್ಲೋ ಕೆ.ಆರ್. ಪೇಟೆಯ ದೇವೀರಮ್ಮಣ್ಣಿ ಕೆರೆಯಲ್ಲೋ ಇಂದು ಯಾರಾದರೂ ಗದ್ದೆಗೊರವವೊಂದನ್ನು ಕಂಡೆವೆಂದರೆ, ಕಣ್ಣಿನ ಮೇಲಿನ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೂ ಹರಿದಿದೆಯೇ, ಮುಂದೆಯೇ ನಿಂತಿದೆಯೇ ಎಂಬುದಷ್ಟು ಚಿತ್ರದಲ್ಲಿ ಕಂಡರೆ ಸಾಕು. ಎರಡು ಜಾತಿಯ ಗದ್ದೆಗೊರವಗಳ ನಡುವಿನ ವ್ಯಾಜ್ಯ ತೀರುತ್ತದೆ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಪಟ್ಟೆತಲೆ ಹೆಬ್ಬಾತುಗಳು ನಂಜನಗೂಡು ಕಡೆಯ ಹದಿನಾರು ಕೆರೆಯಲ್ಲಿ ಕಾಣಿಸಿಕೊಂಡಿವೆ. ಆ ಪಟ್ಟಿಯ ಮೇಲಿನ ಅಕ್ಷರವನ್ನು ದಡದಿಂದಲೇ ಓದಿ ಚಿತ್ರದಲ್ಲಿ ಹಿಡಿದರೆ, ಹಿಮಾಲಯ ದಾಟಿ ಬಂದ ಒಂದು ಹಕ್ಕಿಯ ಪ್ರಯಾಣ ದಾಖಲಾಗುತ್ತದೆ. ಚಿತ್ರದ ಅಂಚು ಮಸುಕಾದರೇನು, ಹಿನ್ನೆಲೆ ಕಲಸಿಕೊಂಡರೇನು?

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣದ ದೊಡ್ಡ ಪರಂಪರೆ ಬೆಳೆದದ್ದು ಹತ್ತಿರ ಹೋಗುವ ಕಲೆಯಾಗಿ. ಟಿ.ಎನ್.ಎ. ಪೆರುಮಾಳ್ ಅವರ ಪೀಳಿಗೆ ಮರೆ ಕಟ್ಟಿ, ಅದರೊಳಗೆ ಗಂಟೆಗಟ್ಟಲೆ ಕಾದು ಚಿತ್ರ ತೆಗೆಯಿತು. ಆ ತಾಳ್ಮೆಯಿಲ್ಲದೆ ಆ ಹತ್ತಿರವನ್ನು ಮಾತ್ರ ಬಯಸುವವರು ಇಂದು ಹೆಬ್ಬಾತಿನ ಹಿಂಡು ಏಳುವವರೆಗೂ ಕೆಸರಲ್ಲಿ ಮುಂದೆ ಮುಂದೆ ನಡೆಯುತ್ತಾರೆ. ಸ್ಕೋಪಿನವರಿಗೆ ಆ ಅಗತ್ಯವಿಲ್ಲ. ಹಕ್ಕಿ ಮೇಯುತ್ತಲೇ ಇರುತ್ತದೆ. ಹಾರಿಸಿದ ಹಕ್ಕಿಯ ಚಿತ್ರದಲ್ಲಿ ಕಾಣದ ಸಹಜ ನಡವಳಿಕೆ ಇಲ್ಲಿ ಸಿಗುತ್ತದೆ. ಈ ವಿದ್ಯೆಯ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿ ಮಾತು ಇದು.

ಆದರೆ ಸಾಕ್ಷಿಯನ್ನು ಕೆಡಿಸುವ ಹೊಸ ಅಪಾಯ ಮೊಬೈಲಿನೊಳಗೇ ಇದೆ. ಮಸುಕು ಕಂಡಲ್ಲಿ ಅದು ತಾನೇ ನುಣುಪು ಮಾಡುತ್ತದೆ, ಅಂಚುಗಳನ್ನು ತಾನೇ ಚೂಪು ಮಾಡುತ್ತದೆ. ಗರಿಯ ಮೇಲಿನ ಸಣ್ಣ ಚುಕ್ಕೆಗಳು ಅಳಿಸಬಹುದು, ಇಲ್ಲದ ಗೆರೆ ಮೂಡಲೂಬಹುದು. ನೋಡಲು ಚೆಂದವಾದ ಆ ಚಿತ್ರ ಗುರುತಿನ ಕಟಕಟೆಯಲ್ಲಿ ಸುಳ್ಳು ಹೇಳುತ್ತದೆ. ಇದನ್ನು ತಡೆಯಲು ಹೀಗೆ ತಿದ್ದುವ ಮೊದಲಿನ ರಾ ಫೈಲ್ ಉಳಿಸಿಕೊಳ್ಳಬೇಕು, ಇಲ್ಲವೇ ವಿಡಿಯೊವನ್ನೂ ತೆಗೆದಿಡಬೇಕು. ಹಕ್ಕಿಯ ನಡಿಗೆ, ಬಾಲ ಕುಣಿಸುವ ರೀತಿಯೂ ಅದರಲ್ಲಿ ಸಿಗುತ್ತದೆ.

ಒಟ್ಟಿನಲ್ಲಿ, ಗೋಡೆಗೆ ತೂಗುಹಾಕುವ ಚಿತ್ರ ಬೇಕಾದವರು ರಂಗನತಿಟ್ಟಿನ ದೋಣಿ ಹತ್ತಲಿ, ಉದ್ದ ಲೆನ್ಸಿಗೆ ಹಣ ಕೂಡಿಡಲಿ. ಜನವರಿಯ ನೀರುಹಕ್ಕಿ ಗಣತಿಗೆ ಕೆರೆಗೆ ಹೋಗುವ ತಂಡ ಮಾತ್ರ ಒಂದು ಸ್ಕೋಪ್, ಮೊಬೈಲನ್ನು ಭದ್ರವಾಗಿ ಹಿಡಿಯುವ ಒಂದು ಅಡಾಪ್ಟರ್ ಒಯ್ಯಲಿ. ಹಿಗ್ಗುವಿಕೆಯನ್ನು 30ರ ಆಸುಪಾಸಿನಲ್ಲಿ ನಿಲ್ಲಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ, ಬಿಸಿಲೇರುವ ಮೊದಲೇ ಚಿತ್ರದ ಕೆಲಸ ಮುಗಿಸಿದರೆ, ಉಳಿದ ಹೊತ್ತು ಎಣಿಕೆಗೆ ಸಿಗುತ್ತದೆ.