ಸ್ಪಂಜಿಗೆ ಸಿಗದ ಮನ್ನಣೆ

ಕೊಳಚೆ ನೀರಿನ ಶುದ್ಧೀಕರಣವೆಂದರೆ ನಮ್ಮ ಎಂಜಿನಿಯರರಿಗೆ ಮೊದಲು ನೆನಪಾಗುವುದು ಹಗಲೂ ರಾತ್ರಿ ಗಾಳಿ ಊದುವ ಬ್ಲೋವರುಗಳು. ದೊಡ್ಡ ನಗರಗಳ ಆ ಮಾದರಿಯನ್ನು ಹೊಗಳಿದ್ದು ಅತಿಯಾಯಿತು. ಜಪಾನಿನ ನಾಗಾವೊಕಾದಲ್ಲಿ ಹಿದೆಕಿ ಹರಾದ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ತೂಗುಸ್ಪಂಜಿನ ಫಿಲ್ಟರನ್ನು ಇಲ್ಲಿ ಕೇಳುವವರೇ ಇಲ್ಲ. ಹರಿಯಾಣದ ಕರ್ನಾಲದಲ್ಲಿ ಅದು ವರ್ಷಗಟ್ಟಲೆ ನಡೆದಿದ್ದರೂ ಈ ಉಪೇಕ್ಷೆ.

ಈ ಫಿಲ್ಟರಿನ ಜೀವಾಳ ಸ್ಪಂಜಿನ ತುಂಡು. ಕಲ್ಲಿನ ರಾಶಿಯ ಮೇಲೆ ನೀರು ತೊಟ್ಟಿಕ್ಕಿಸುವ ಹಳೆಯ ಟ್ರಿಕ್ಲಿಂಗ್ ಫಿಲ್ಟರಿನಲ್ಲಿ ಹೊಲಸನ್ನು ತಿನ್ನುವ ಬ್ಯಾಕ್ಟೀರಿಯಾ ಕಲ್ಲಿನ ಮೈಗಷ್ಟೇ ಅಂಟಿರುತ್ತವೆ, ಪದರ ದಪ್ಪಗಾದರೆ ಕಳಚಿ ಬೀಳುತ್ತದೆ. ಪಾಲಿಯುರೆಥೇನ್ ಸ್ಪಂಜಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಟೊಳ್ಳು. ಬ್ಯಾಕ್ಟೀರಿಯಾ ಅದರ ಒಳಗೇ ಮನೆ ಮಾಡಿಕೊಂಡು ಬಹುಕಾಲ ಉಳಿಯುತ್ತವೆ. ಹಾಗಾಗಿ ಹೊರಬೀಳುವ ಕೆಸರು ಕಡಿಮೆ. ನೀರು ತೊಟ್ಟಿಕ್ಕುತ್ತ ಇಳಿಯುವಾಗ ಗಾಳಿಯ ಆಮ್ಲಜನಕ ತಾನಾಗಿ ಬೆರೆಯುತ್ತದೆ, ಊದುವ ಕೆಲಸವೇ ಇಲ್ಲ. ಆದರೆ ಇದೆಲ್ಲ ನಿಂತಿರುವುದು ನೆತ್ತಿಯ ಮೇಲೆ ನೀರು ಹಂಚುವ ತೂತುಗಳನ್ನು ನಂಬಿ. ಒಂದು ಕಟ್ಟಿಕೊಂಡರೆ ಅದರ ಕೆಳಗಿನ ಸ್ಪಂಜು ಒಣಗುತ್ತದೆ, ಪಕ್ಕದ್ದರ ಮೇಲೆ ಹೊರೆ ಬೀಳುತ್ತದೆ. ತೆರೆದ ಗಟಾರದಲ್ಲಿ ಮರಳು, ಗುಟ್ಕಾ ಚೀಟಿ, ಪ್ಲಾಸ್ಟಿಕ್ ಹರಿಯುವ ನಮ್ಮ ಊರುಗಳಲ್ಲಿ ಜಾಲರಿಯನ್ನೂ ಕೆಸರು ತಂಗುವ ತೊಟ್ಟಿಯನ್ನೂ ಮೊದಲು ಕಟ್ಟದೆ ಸ್ಪಂಜು ತೂಗಿದರೆ ಹಣ ದಂಡ.

"ಕರೆಂಟೇ ಬೇಡ" ಎಂದು ಸಾರುವ ಅಭಿಮಾನಿಗಳು ಇದಕ್ಕೆ ಕೆಡುಕನ್ನೇ ಮಾಡುತ್ತಿದ್ದಾರೆ. ಸಮತಟ್ಟಾದ ನೆಲದಲ್ಲಿ ನೀರನ್ನು ಮೇಲಕ್ಕೆತ್ತಲು ಪಂಪು ಬೇಕೇ ಬೇಕು. ಉಳಿತಾಯವಾಗುವುದು ಬ್ಲೋವರಿನ ಖರ್ಚಷ್ಟೇ. ರೋಗಾಣುಗಳೂ ಪೂರ್ತಿ ಹೋಗುವುದಿಲ್ಲ, ನದಿಗೆ ಬಿಡುವ ಮೊದಲು ಕ್ಲೋರಿನ್ ಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಅಲ್ಲಗಳೆಯುವವರದು. ಕರ್ನಾಲದ ಘಟಕ ದಿನಕ್ಕೆ 10 ಲಕ್ಷ ಲೀಟರಿನದು, ಅದು ಬರೀ ಪ್ರಯೋಗ ಎನ್ನುತ್ತಾರೆ. ತಲೆಗೆ ನೂರು ಲೀಟರ್ ಹಿಡಿದರೆ ಅದು ಹತ್ತು ಸಾವಿರ ಜನರ ಹೊಲಸು ನೀರು. ಬೆಂಗಳೂರಿಗೆ ಅದು ಲೆಕ್ಕಕ್ಕಿಲ್ಲ, ನಿಜ. ಬೆಳಗಾವಿ ಜಿಲ್ಲೆಯ ಕಟಕೋಳದಂಥ ಊರಿಗೆ ಬೇಕಾದದ್ದು ಆ ಅಳತೆಯೇ. ರಾಮದುರ್ಗ, ಸವದತ್ತಿಗಳಿಗೆ ಅಂಥವು ಕೆಲವನ್ನು ಜೋಡಿಸಿದರಾಯಿತು. ದೊಡ್ಡದಾಗಿರುವುದನ್ನೇ ಗುಣವೆಂದು ಎಣಿಸುವ ಈ ವಿಮರ್ಶೆ ತಾಲೂಕು ಊರುಗಳನ್ನು ಕಣ್ಣೆತ್ತಿಯೂ ನೋಡಿಲ್ಲ.

ರಾಮದುರ್ಗ ಮಲಪ್ರಭೆಯ ದಂಡೆಯಲ್ಲಿದೆ. ಬೇಸಿಗೆಯಲ್ಲಿ ನದಿ ಸೊರಗಿದಾಗ ಊರ ಗಟಾರದ ನೀರನ್ನು ತೆಳುವಾಗಿಸುವಷ್ಟು ಹರಿವೂ ಅಲ್ಲಿರುವುದಿಲ್ಲ. ಪುರಸಭೆ, ಪಂಚಾಯಿತಿಗಳ ಮುಂದೆ ಶುದ್ಧೀಕರಣದ ಯೋಜನೆ ಬಂದಾಗ ಸದಸ್ಯರು ಕಟ್ಟುವ ಖರ್ಚನ್ನಷ್ಟೇ ಕೇಳಿ ಸುಮ್ಮನಾಗಬಾರದು. ಮುಂದಿನ ಹತ್ತು ವರ್ಷದ ಕರೆಂಟ್ ಬಿಲ್ಲನ್ನು ಯಾರು ಕಟ್ಟುತ್ತಾರೆಂದು ಬರವಣಿಗೆಯಲ್ಲಿ ಕೇಳಲಿ, ಅದರ ಪಕ್ಕದಲ್ಲೇ ಸ್ಪಂಜಿನ ಫಿಲ್ಟರಿನ ಲೆಕ್ಕವನ್ನೂ ತರಿಸಿಕೊಳ್ಳಲಿ.