ಮಳೆ ತೋರಿಸಿದ ಜಾಗ

ಸಾಗರ, ಜೋಗ ದಾಟಿ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರದ ಕಡಲಂಚಿನಲ್ಲಿ ನಾಲ್ಕು ರಾತ್ರಿ ಕಳೆಯಬೇಕೆಂದಿದ್ದೆವು. ಪುನರ್ವಸು ಮಳೆ ಬಿಡಲಿಲ್ಲ. ಘಟ್ಟದಲ್ಲಿ ಮಣ್ಣು ಜರಿದು ರಸ್ತೆ ಬಂದ್ ಆಗಿದೆ ಎಂಬ ಸುದ್ದಿ ಹೊರಡುವ ಹಿಂದಿನ ಸಂಜೆ ಬಂತು. ಅಕ್ಕಿ, ಬೇಳೆ, ಉಪ್ಪಿನಕಾಯಿ ಡಬ್ಬಿಗಳು ನಮ್ಮ ಕ್ಯಾಂಪರ್ ವ್ಯಾನಿನಿಂದ ಇಳಿದು ಮತ್ತೆ ಅಡುಗೆಮನೆ ಸೇರಿದವು. ಹಾಕಿದ ರಜೆಯನ್ನು ಮಾತ್ರ ನಾನು ಹಿಂಪಡೆಯಲಿಲ್ಲ. ಐದು ದಿನವನ್ನೂ ಶಿವಮೊಗ್ಗದ ಮನೆಯ ಮುಂದೆ ನಿಂತಿದ್ದ ವ್ಯಾನಿಗೇ ಕೊಟ್ಟೆ.

ಇಂಥ ಬಿಡುವು ಸಿಕ್ಕಿದರೆ ಕ್ಯಾಂಪರ್ ಇಟ್ಟುಕೊಂಡವರ ಮನಸ್ಸು ಮೊದಲು ಓಡುವುದು ಹೊಸ ಸಾಮಾನಿನ ಕಡೆಗೆ. ಲಿಥಿಯಂ ಬ್ಯಾಟರಿ, ಇನ್ನೊಂದು ಸೋಲಾರ್ ಪ್ಯಾನೆಲ್, ಮಡಿಚುವ ಮೇಜು. ಅವೆಲ್ಲ ಆಮೇಲಾಗಲಿ. ಮೊದಲು ನೀರು ಎಲ್ಲಿಂದ ಒಳಗೆ ಬರುತ್ತಿದೆ ಎಂದು ನೋಡಬೇಕು. ಕ್ಯಾಂಪರ್ ಹಾಳಾಗುವುದು ಓಡಾಟದಿಂದ ಕಡಿಮೆ, ಸೋರಿಕೆಯಿಂದಲೇ ಹೆಚ್ಚು. ಬೇಸಿಗೆಯಲ್ಲಿ ಪೈಪ್ ಹಿಡಿದು ಹತ್ತು ನಿಮಿಷ ನೀರು ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಎರಡು ಹಗಲು, ಎರಡು ರಾತ್ರಿ ಬಿಡದೆ ಸುರಿಯುವ ಮಲೆನಾಡಿನ ಮಳೆಯ ಮುಂದೆ ಯಾವ ಬಿರುಕೂ ಅಡಗಿ ಕೂರಲಾರದು.

ನಮ್ಮದು ಟೆಂಪೊ ಟ್ರಾವೆಲರ್ ಮೇಲೆ ಕಟ್ಟಿಸಿದ ವ್ಯಾನ್. ಎರಡನೇ ರಾತ್ರಿ ಹಾಸಿಗೆ ತೆಗೆದು, ನೆಲದ ಮೇಲೆ ಹಳೆಯ ದಿನಪತ್ರಿಕೆ ಹಾಸಿ, ದೀಪ ಆರಿಸಿ, ಟಾರ್ಚ್ ಹಿಡಿದು ಕುಳಿತೆ. ಸುದ್ದಿಕಾಗದದ ಮೇಲೆ ಒಂದೇ ಹನಿ ಬಿದ್ದರೂ ಬೂದು ಕಲೆ ಎದ್ದು ಕಾಣುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ಮಂಚದ ಕಾಲಿನ ಹತ್ತಿರ ಒಂದು ಕಲೆ ಮೂಡಿತು. ನೇರ ಮೇಲೆ ನೋಡಿದರೆ ಕೀಲಿಲ್ಲ, ಸ್ಕ್ರೂ ಇಲ್ಲ, ಬರೀ ಪ್ಲೈವುಡ್. ಬೆಳಿಗ್ಗೆ ಬಂದ ಬಡಗಿ ಆಚಾರರು ಅದನ್ನು ಬೆರಳಿಂದ ಒತ್ತಿ ನೋಡಿ, "ಸಾರ್, ನೀರು ಬೀಳೋ ಜಾಗ ಬೇರೆ, ಬರೋ ಜಾಗ ಬೇರೆ. ಗಾಡಿ ತಿರುಗಿಸಿ ನಿಲ್ಸಿ" ಅಂದರು. ನಮ್ಮ ಮನೆ ಮುಂದೆ ಇಳಿಜಾರು. ವ್ಯಾನಿನ ಮೂತಿ ರಸ್ತೆ ಕಡೆಗೆ ಮಾಡಿ ನಿಲ್ಲಿಸಿದ ಮೇಲೆ ಮಂಚದ ಹತ್ತಿರದ ಹನಿ ನಿಂತಿತು, ಸಿಂಕಿನ ಮೇಲೆ ಹೊಸದು ಶುರುವಾಯಿತು. ಎರಡಕ್ಕೂ ನಡುವೆ ಇದ್ದದ್ದು ಮಾಡಿನ ಫ್ಯಾನಿನ ಚೌಕಟ್ಟು. ನೀರು ಅಲ್ಲಿ ಒಳಗೆ ಬಂದು, ಮಾಡಿನ ಪಟ್ಟಿಯ ಮೇಲೆ ಮೂರು ಅಡಿ ಹರಿದು, ತಗ್ಗು ಸಿಕ್ಕಲ್ಲಿ ತೊಟ್ಟಿಕ್ಕುತ್ತಿತ್ತು.

ವ್ಯಾನ್ ಕಟ್ಟಿದವರು ಆ ಚೌಕಟ್ಟಿನ ಸುತ್ತ ಸಿಲಿಕೋನ್ ಬಳಿದಿದ್ದರು. ಉಗುರಿನಿಂದ ಎಳೆದರೆ ಹಲಸಿನ ಹಣ್ಣಿನ ಮೇಣದ ಹಾಗೆ ಉದ್ದಕ್ಕೆ ಎದ್ದು ಬಂತು. ಬಚ್ಚಲಿನ ಟೈಲ್ಸಿಗೆ ಸಿಲಿಕೋನ್ ಸರಿ. ಬಿಸಿಲಿಗೆ ಹಿಗ್ಗುವ, ಹಳ್ಳ ದಿಣ್ಣೆಗೆ ಅಲುಗಾಡುವ ತಗಡಿನ ಮಾಡಿಗೆ ಅದು ಸಲ್ಲದು. ಒಮ್ಮೆ ಹಚ್ಚಿದರೆ ಅದರ ಪಸೆ ಉಳಿದ ಜಾಗಕ್ಕೆ ಮತ್ತೇನೂ ಅಂಟುವುದಿಲ್ಲ. ಪೂರಾ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಚೌಕಟ್ಟಿನ ಕೆಳಗೆ ಬ್ಯುಟೈಲ್ ಟೇಪ್ ಕೊಟ್ಟು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಅಂಚಿನಲ್ಲಿ ಟೇಪು ಉಬ್ಬಿ ಹೊರಬಂದರೆ ಒಳಗೆ ಸಂದು ಉಳಿದಿಲ್ಲ ಎಂದರ್ಥ. ಅದನ್ನು ಕತ್ತರಿಸಿ ಮೇಲೆ ಪಾಲಿಯುರೆಥೇನ್ ಸೀಲೆಂಟ್ ಎಳೆಯಬೇಕು. ಈ ಸೀಲೆಂಟ್ ಗಟ್ಟಿಯಾಗುವುದು ಗಾಳಿಯ ತೇವದಿಂದಲೇ. ಆದರೆ ಹಚ್ಚುವ ತಗಡು ಒಣಗಿರಲೇಬೇಕು. ಅದಕ್ಕಾಗಿ ವ್ಯಾನಿನ ಮೇಲೆ ಟಾರ್ಪಾಲು ಕಟ್ಟಿ ಒಂದು ದಿನ ಕಾದೆವು.

ಕರಿಹಿಡಿದ ಪ್ಲೈವುಡ್ಡನ್ನು ಆಚಾರರು ಬಿಚ್ಚಿದರು. ಹಿಂಬದಿಯಲ್ಲಿ ಐಎಸ್ 303 ಮುದ್ರೆ, ಅಂದರೆ ಸಾಮಾನ್ಯ ಬಳಕೆಯ ಪ್ಲೈ. ಹೊಸದನ್ನು ಐಎಸ್ 710 ನೋಡಿ ತಂದೆವು. ಅದು ಮೆರೈನ್ ಪ್ಲೈ, ನೀರಿಗೆ ತಡೆಯುತ್ತದೆ. ದುಡ್ಡು ಜಾಸ್ತಿ, ಆದರೆ ವ್ಯಾನಿನಲ್ಲಿ ಬೇರೆಯದನ್ನು ಹಾಕುವುದೇ ತಪ್ಪು.

ಉಳಿದದ್ದು ಅರ್ಧ ದಿನದ ಕೆಲಸ. ಟೈರಿನ ಪಕ್ಕೆಯ ಮೇಲಿನ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿದೆ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರು. ಕ್ಯಾಂಪರ್ ವರ್ಷಕ್ಕೆ ಓಡುವುದೇ ಕಡಿಮೆ, ಗೀರು ಸವೆಯುವುದಿಲ್ಲ, ರಬ್ಬರಿಗೆ ಮಾತ್ರ ವಯಸ್ಸಾಗುತ್ತದೆ. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಅದರ ಪಕ್ಕೆಯ ಬಿರುಕು ನೋಡಬೇಕು. ಬ್ರೇಕ್ ಆಯಿಲ್ ಕೂಡ ಹೀಗೆಯೇ ಕುಳಿತಲ್ಲೇ ತೇವ ಹೀರುತ್ತದೆ. ಎರಡು ವರ್ಷವಾಗಿತ್ತು, ಬದಲಾಯಿಸಿದೆ.

ಗ್ಯಾಸಿನ ವಿಷಯವನ್ನು ಮಾತ್ರ ಹಾಗೆ ಹೇಳಿ ಮುಗಿಸಲಾರೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಕಿಟಕಿಯಿಂದ ಹೊರಗೆ ಹೋಗುವುದಿಲ್ಲ, ನೆಲದ ಮೇಲೆ ನೀರಿನ ಹಾಗೆ ಹರಡಿ ನಿಲ್ಲುತ್ತದೆ. ಅದಕ್ಕೇ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಗೆ ತೆರೆಯುವ ತೂತು ಇರಬೇಕು. ನಮ್ಮದರಲ್ಲಿ ಇತ್ತು. ಕೆಳಗೆ ಮಲಗಿ ನೋಡಿದರೆ ಕಡಜವೊಂದು ಅದಕ್ಕೆ ಮಣ್ಣು ಮೆತ್ತಿ ಗೂಡು ಕಟ್ಟಿತ್ತು, ತೂತು ಪೂರ್ತಿ ಮುಚ್ಚಿತ್ತು. ಆ ಮಣ್ಣಿನ ಹೆಂಟೆಯನ್ನು ಕೈಯಲ್ಲಿ ಹಿಡಿದಾಗ, ಕಳೆದ ಚಳಿಗಾಲ ಬಾಗಿಲು ಹಾಕಿಕೊಂಡು ಅದೇ ಒಲೆಯಲ್ಲಿ ಕಾಫಿ ಮಾಡಿದ್ದು ನೆನಪಾಗಿ ಎದೆ ಝಲ್ಲೆಂದಿತು. ಗೂಡು ತೆಗೆದು ಸಣ್ಣ ಕಣ್ಣಿನ ಜಾಲರಿ ಹಾಕಿದೆ, ಸೋಪಿನ ನೊರೆ ಹಚ್ಚಿ ಕೀಲುಗಳನ್ನು ಪರೀಕ್ಷಿಸಿದೆ, ಐದು ವರ್ಷ ತುಂಬಿದ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಬದಲಿಸಿದೆ.

ಇಷ್ಟಾದ ಮೇಲೆ ಒಂದೇ ಒಂದು ಸುಧಾರಣೆ. ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಫ್ರಿಜ್ಜು ನಡುರಾತ್ರಿ ನಿಲ್ಲುತ್ತಿತ್ತು. ಬ್ಯಾಟರಿ ದೊಡ್ಡದು ಮಾಡಿ ಎಂದವರೇ ಹೆಚ್ಚು. ಮೀಟರ್ ಹಿಡಿದು ನೋಡಿದರೆ ತಪ್ಪು ವೈರಿನದು. 12 ವೋಲ್ಟಿನ, 45 ವಾಟಿನ ಫ್ರಿಜ್ಜು ಸುಮಾರು 4 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಅಲ್ಲಿಗೆ 5 ಮೀಟರ್, ಹೋಗಿ ಬರಲು 10. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಂತಿಯಲ್ಲಿ ಅರ್ಧ ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಕಂಪ್ರೆಸರ್ ಶುರುವಾಗುವಾಗ ಇನ್ನೂ ಹೆಚ್ಚು. ಬ್ಯಾಟರಿ ಖಾಲಿಯಾಯಿತು ಎಂದುಕೊಂಡು ಫ್ರಿಜ್ಜು ತಾನೇ ಆಫ್ ಆಗುತ್ತದೆ. 4 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಕೂರಿಸಿದೆ. ನಷ್ಟ 0.2 ವೋಲ್ಟಿಗಿಂತ ಕೆಳಗಿಳಿಯಿತು. ಆ ರಾತ್ರಿ ಫ್ರಿಜ್ಜು ಬೆಳಗಿನವರೆಗೆ ನಿಲ್ಲಲಿಲ್ಲ.

ಮಾಡು ಎತ್ತರಿಸುವ, ಹೊಸ ಕಿಟಕಿ ಕೊರೆಸುವ ಆಸೆ ಇದ್ದವರಿಗೆ ಒಂದು ಮಾತು. ಅದು ಮನೆಯಲ್ಲಿ ಕುಳಿತು ಮಾಡುವ ಕೆಲಸವಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಮೊದಲು ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿ.

ಪುನರ್ವಸುವಿನ ಬೆನ್ನಿಗೇ ಪುಷ್ಯ, ಆಶ್ಲೇಷ ಮಳೆಗಳು ಬರುತ್ತವೆ. ಜೋರು ಮಳೆಯ ಒಂದು ರಾತ್ರಿ ನಿಮ್ಮ ವ್ಯಾನಿನೊಳಗೂ ಪೇಪರ್ ಹಾಸಿ, ದೀಪ ಆರಿಸಿ, ಒಂದು ಗಂಟೆ ಕುಳಿತು ನೋಡಿ. ಕೆಳಗಿನ ಗ್ಯಾಸಿನ ತೂತನ್ನು ಮಾತ್ರ ರಾತ್ರಿಗೆ ಕಾಯದೆ ಇವತ್ತೇ ನೋಡಿ.