ಮನುಷ್ಯರಿಲ್ಲದ ದಂಡೆ

ಚಿತ್ರಗಳು ಚಂದ ಇದ್ದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸೌಂದರ್ಯದ ಮಾತು ಬಂದರೆ ನಮ್ಮಂಥವರು ಮುಖ ಸಿಂಡರಿಸುತ್ತಾರೆ ಎಂಬ ದೂರು ಹಳೆಯದು.

ಕರಾವಳಿಯ ಛಾಯಾಗ್ರಾಹಕರೊಬ್ಬರು ತಮ್ಮ ಹುಟ್ಟೂರಿನ ಕಡಲನ್ನು ತೆಗೆದ ನಲವತ್ತು ಚಿತ್ರಗಳನ್ನು ನಮ್ಮ ಜಿಲ್ಲೆಯ ಒಂದು ಕಾಲೇಜಿನಲ್ಲಿ ತೂಗುಹಾಕಿದ್ದರು. ತೆಂಗು, ತೆರೆ, ಅಳಿವೆ, ಮಳೆಗಾಲದ ಮೋಡ, ಸಂಜೆಯ ಕೆಂಪು. ಎರಡನೇ ಸುತ್ತಿನಲ್ಲಿ ಎಣಿಸಿದೆ. ನಲವತ್ತರೊಳಗೆ ಮನುಷ್ಯರು ಮೂರೇ ಮಂದಿ. ಮೂವರೂ ಬೆನ್ನು ತಿರುಗಿಸಿ ನಿಂತ ಕಪ್ಪು ನೆರಳು.

'ಜನ ಎಲ್ಲಿ ಹೋದರ್ರಿ ಸರ್?' ಎಂದು ಕೇಳಿದೆ. 'ಇದು ನಿಸರ್ಗ ವಿಭಾಗ. ಜನ ಬಂದರೆ ಸ್ಪರ್ಧೆಯಲ್ಲಿ ತಳ್ಳಿಹಾಕುತ್ತಾರೆ' ಅಂದರು. ಅವರ ಮಾತು ಸುಳ್ಳಲ್ಲ. ಫಿಯಾಪ್, ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ, ಇಂಗ್ಲೆಂಡಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ ಕೂಡಿ 2015ರಲ್ಲಿ ಜಾರಿಗೆ ತಂದ ವ್ಯಾಖ್ಯೆಯ ಪ್ರಕಾರ ನಿಸರ್ಗಚಿತ್ರದಲ್ಲಿ ಮನುಷ್ಯನ ಗುರುತು ಇರಕೂಡದು. ಕೊಟ್ಟಿಗೆಯಲ್ಲಿ ಗೂಬೆ ಗೂಡು ಕಟ್ಟಿದಂಥ ಕಡೆ ಮಾತ್ರ ರಿಯಾಯಿತಿ. ಸಾಕಿದ ದನ, ಬಿತ್ತಿ ಬೆಳೆದ ಗಿಡ ಕೂಡ ನಿಸರ್ಗವಲ್ಲ.

ಹಕ್ಕಿ, ಹುಲಿ ತೆಗೆಯುವವರಿಗೆ ಈ ನಿಯಮ ಉಪಯೋಗ ಬಿದ್ದೀತು. ಆದರೆ ಹುಟ್ಟೂರನ್ನು ಈ ಅಳತೆಗೋಲಿನಿಂದ ತೆಗೆಯಹೊರಟರೆ? ನನ್ನೂರು ತಂಗಡಗಿಯ ಜೋಳ ನಿಸರ್ಗವಲ್ಲ. ಎಮ್ಮೆ ನಿಸರ್ಗವಲ್ಲ. ಹೊಳೆಯಲ್ಲಿ ಎಮ್ಮೆಯ ಮೈ ತಿಕ್ಕುವ ನಮ್ಮವ್ವ ಅಂತೂ ಅಲ್ಲವೇ ಅಲ್ಲ. ಗೂಬೆಗಿರುವ ರಿಯಾಯಿತಿ ಆಕಿಗಿಲ್ಲ. ಊರ ಹೊರಗೆ ಇರುವುದು ನಮಗೇನು ಹೊಸದಲ್ಲ, ಈಗ ಚೌಕಟ್ಟಿನ ಹೊರಗೂ ಇರಬೇಕಾಯಿತು.

ಆ ಕಡಲದಂಡೆ ಖಾಲಿಯಾದದ್ದಕ್ಕೂ ಒಂದು ಚರಿತ್ರೆ ಇದೆ. ಒಂದು ಕಾಲಕ್ಕೆ ರಂಪಣಿ ಬಲೆ ಎಳೆಯಲು ಹತ್ತಾರು ಮಂದಿ ಮರಳಿನ ಮೇಲೆ ಸಾಲುಗಟ್ಟುತ್ತಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು, ಮೀನು ದಂಡೆಗೆ ಬರುವ ಮೊದಲೇ ಬಾಚಿಕೊಂಡವು. ರಂಪಣಿಯ ಗುಂಪುಗಳು ಚದುರಿದವು. ಕಾರವಾರದಲ್ಲಿ 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು, ಊರೂರೇ ಎದ್ದವು. ಬುಟ್ಟಿ ಹೆಣೆಯುವ ಕೊರಗರನ್ನು ತುಳಿದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬೇಕಾಯಿತು. ನಲವತ್ತು ಚಿತ್ರಗಳಲ್ಲಿ ಒಂದು ಬುಟ್ಟಿಯೂ ಇಲ್ಲ.

ಹಾಗಂತ ಜನರನ್ನು ತುರುಕಿದರೆ ಮುಗಿಯಿತೆ? ಮುದುಕಿಯ ಮುಖದ ಸುಕ್ಕು, ಸಿಂಬಳದ ಕೂಸು ತೆಗೆದು ಪದಕ ಗೆಲ್ಲುವವರೂ ಇದ್ದಾರೆ. ಅವರಿಗಿಂತ ಈ ತೆಂಗಿನಮರಗಳೇ ವಾಸಿ. ಇದೇ ಪ್ರದರ್ಶನದ ಹದಿನೇಳನೆಯ ಚಿತ್ರದಲ್ಲಿ ಮನುಷ್ಯರಿಲ್ಲ. ಒದ್ದೆ ಮರಳಿನ ಮೇಲೆ ದಪ್ಪ ಹಗ್ಗ ಎಳೆದ ಗೀರು. ಅದರ ಎರಡೂ ಬದಿಗೆ ಹಿಮ್ಮಡಿ ಆಳವಾಗಿ ಊರಿದ ಕಾಲಗುರುತು. ತೂಕ ಎಷ್ಟಿತ್ತೆಂಬುದು ಆ ಹಿಮ್ಮಡಿಯಿಂದ ಗೊತ್ತಾಗುತ್ತದೆ. ಉಳಿದ ಮೂವತ್ತೊಂಬತ್ತರಲ್ಲಿ ಇರುವ ಬೆಳಕೇ ಇಲ್ಲೂ ಇದೆ, ಆದರೆ ಇಲ್ಲಿ ಅದು ದುಡಿದಿದೆ. ಛಾಯಾಗ್ರಾಹಕರಿಗೆ ಇದು ತಿಳಿದಂತಿಲ್ಲ; 'ಸಮುದ್ರದ ರಂಗೋಲಿ' ಎಂದು ಹೆಸರಿಟ್ಟಿದ್ದಾರೆ.

ನಮ್ಮ ಮನೆಯಲ್ಲೂ ಒಂದು ಕಡಲಚಿತ್ರ ಇದೆ. ಮುದ್ದೇಬಿಹಾಳ ಸೀಮೆಯಿಂದ ಗೋವಾಕ್ಕೆ ಗಾರೆಕೆಲಸಕ್ಕೆ ಹೋಗುವುದು ಮಳೆ ಕೈಕೊಟ್ಟ ವರ್ಷದ ದಾರಿ. ಅಲ್ಲಿನ ಬೈನಾ ದಂಡೆಯಲ್ಲಿ 2004ರ ಜೂನ್‌ನಲ್ಲಿ ಗುಡಿಸಲು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡದವರು ಬಹಳ. ನಮ್ಮ ಚಿಗವ್ವ ಹೋಗಿದ್ದಳು, ಬರುವಾಗ ಒಂದು ಫೋಟೋ ತಂದಳು. ಚಿತ್ರದ ತುಂಬ ಆಕಿಯೇ, ಭುಜದ ಮೇಲೆ ಎರಡು ಬೆರಳಿನಷ್ಟು ನೀಲಿ. 'ಸಮುದ್ರ ಕಾಣಂಗಿಲ್ಲಲ್ಲ ಚಿಗವ್ವ' ಅಂದೆ. 'ರೊಕ್ಕ ಕೊಟ್ಟಾಕಿ ನಾನೋ ಸಮುದ್ರನೋ?' ಅಂದಳು. ಛಾಯಾಚಿತ್ರದ ಬಗ್ಗೆ ನಾನು ಓದಿದ ಯಾವ ಲೇಖನವೂ ಇಷ್ಟು ನೇರವಾಗಿ ಪ್ರಶ್ನೆ ಕೇಳಿಲ್ಲ.

ನಾನೇನು ಸಾಚಾ ಅಲ್ಲ. ನಾರಾಯಣಪುರದಲ್ಲಿ 1982ರಲ್ಲಿ ಮುಗಿದ ಆಣೆಕಟ್ಟಿನ ಹಿನ್ನೀರು ನಮ್ಮೂರ ದಂಡೆಗೂ ಬಂದಿದೆ. ಆಚೆ ಕೂಡಲಸಂಗಮ. ಹೋದ ವರ್ಷ ಹೊತ್ತು ಮುಳುಗುವಾಗ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದೆ. ಅರ್ಧ ನೀರಿನಲ್ಲಿ ನಿಂತ ಒಣ ಜಾಲಿಗಿಡ, ಹಿಂದೆ ಬೆಂಕಿಯಂಥ ಕೃಷ್ಣೆ. ಗೆಳೆಯರು ಹೊಗಳಿದರು, ನಾನೂ ಉಬ್ಬಿದೆ. ಅಪ್ಪನಿಗೆ ತೋರಿಸಿದಾಗ ಬಹಳ ಹೊತ್ತು ನೋಡಿ ಅಂದ: 'ಆ ಜಾಲಿಗಿಡದ ಆಚೆ ನೀರು ಐತೆಲ್ಲ, ಅಲ್ಲಿ ಕಣ ಇತ್ತು. ನಿಮ್ಮಜ್ಜ ಅಲ್ಲೇ ರಾಶಿ ಕಾಯತಿದ್ದ.'

ಕಣ ಗೌಡರದು, ಕಾಯುವವ ನಮ್ಮಜ್ಜ. ಪರಿಹಾರ ಕೊಟ್ಟದ್ದು 1894ರ ಭೂಸ್ವಾಧೀನ ಕಾಯ್ದೆಯಡಿ. ಅದು ನೆಲಕ್ಕೆ ಬೆಲೆ ಕಟ್ಟುತ್ತಿತ್ತು, ನೆಲದ ಮೇಲೆ ದುಡಿದವನ ಕೂಲಿಗೆ ಕಟ್ಟುತ್ತಿರಲಿಲ್ಲ. ನೆಲವಿಲ್ಲದ ಕೂಲಿಯವರೂ ಬಾಧಿತರು ಎಂದು ಒಪ್ಪಿದ ಕಾಯ್ದೆ ಬಂದದ್ದು 2013ರಲ್ಲಿ. ಸಂಗಮದಲ್ಲಿ ಬಸವಣ್ಣನ ಐಕ್ಯಮಂಟಪ ಮುಳುಗಬಾರದೆಂದು ಸುತ್ತ ಬಾವಿಯಂತೆ ಗೋಡೆ ಎತ್ತಿ ಉಳಿಸಿಕೊಂಡರು, ಅದು ಸರಿಯೇ. ಅಜ್ಜ ರಾಶಿ ಕಾಯ್ದ ಜಾಗಕ್ಕೆ ಒಂದು ಫೋಟೋ ಕೂಡ ಇಲ್ಲ. ಇರುವುದು ನನ್ನದೇ, ಅದರಲ್ಲಿ ಬರೀ ಬೆಂಕಿಯಂಥ ನೀರು.

ಪ್ರದರ್ಶನದ ಬಾಗಿಲಲ್ಲಿ ಅಭಿಪ್ರಾಯದ ಪುಸ್ತಕ ಇಟ್ಟಿದ್ದರು. 'ಅದ್ಭುತ', 'ಮನಮೋಹಕ' ಎಂದು ಪುಟ ತುಂಬಿತ್ತು. ನಾನು ಬರೆದದ್ದು: 'ಹದಿನೇಳನೆಯ ಚಿತ್ರದಲ್ಲಿ ಹಗ್ಗ ಎಳೆದವರು ಯಾರು? ಅವರ ಹೆಸರು ಗೊತ್ತಿದ್ದರೆ ದಯವಿಟ್ಟು ತಿಳಿಸಿರಿ.' ಕೆಳಗೆ ತಂಗಡಗಿಯ ವಿಳಾಸ ಕೊಟ್ಟು ಬಂದಿದ್ದೇನೆ.